ಏಳು ಪದರ ಬಾಯಿಪಾಠ, ಕೇಬಲ್ ಜೋಡಿಸಲು ಬಾರದು

ಕಂಪ್ಯೂಟರ್ ನೆಟ್‌ವರ್ಕ್ ವಿಷಯದಲ್ಲಿ ಒಳ್ಳೆಯ ಅಂಕ ತೆಗೆದವರನ್ನು ಕೇಳಿ ನೋಡಿ. ಒಎಸ್‌ಐ ಮಾದರಿಯ ಏಳು ಪದರಗಳನ್ನು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಅದೇ ಕೈಗೆ ಒಂದು ಕೇಬಲ್, ಒಂದು ಆರ್‌ಜೆ-45 ಕನೆಕ್ಟರ್ ಕೊಟ್ಟು ‘ಜೋಡಿಸು’ ಎಂದರೆ ಮುಖ ಮುಖ ನೋಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ಎಷ್ಟೋ ಲ್ಯಾಬ್‌ಗಳಲ್ಲಿ ಸ್ವಿಚ್ ಇರುವುದು ಗಾಜಿನ ಕಪಾಟಿನೊಳಗೆ, ಬೀಗದ ಕೈ ಅಟೆಂಡರ್ ಬಳಿ.

ನಾನು ಇದನ್ನು ಕಲಿತದ್ದು ಗೇಮ್ ಆಡುವ ಚಟದಿಂದ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ನಾವು ನಾಲ್ವರು, ನಾಲ್ಕು ಕಂಪ್ಯೂಟರ್. ಸಂಜೆ ಎಲ್ಲರೂ ‘ಕೌಂಟರ್ ಸ್ಟ್ರೈಕ್’ ಶುರು ಮಾಡಿದರೆ ವೈಫೈ ಏದುಸಿರು ಬಿಡುತ್ತಿತ್ತು. ಒಬ್ಬ ಇಳಿಸಿಕೊಂಡ 40 ಜಿಬಿಯ ಗೇಮನ್ನು ಉಳಿದ ಮೂವರೂ ಮತ್ತೆ ಇಳಿಸಿಕೊಳ್ಳಬೇಕಿತ್ತು. ಒಂದೇ ಸೂರಿನ ಕೆಳಗೆ ಇದೆಂಥ ಶಿಕ್ಷೆ ಎಂದು ಗಿಗಾಬಿಟ್ ಸ್ವಿಚ್, ಕ್ಯಾಟ್-6 ಕೇಬಲ್, ಕ್ರಿಂಪಿಂಗ್ ಟೂಲ್ ತಂದೆವು. ತಲೆಗೆ ಬಿದ್ದದ್ದು ಎರಡು ಸಿನಿಮಾದ ಖರ್ಚು.

ಕೇಬಲ್‌ನೊಳಗೆ ಎಂಟು ತಂತಿ, ಅಂದರೆ ನಾಲ್ಕು ಜೊತೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಸಾಲು. ಎಲ್ಲ ಆಯಿತು ಎನ್ನುವಾಗ ಒಂದು ಕಂಪ್ಯೂಟರ್‌ಗೆ ಮಾತ್ರ ಫೈಲ್ ಸೆಕೆಂಡಿಗೆ 11 ಎಂಬಿ ದಾಟಿ ಹೋಗಲಿಲ್ಲ. ಉಳಿದವಕ್ಕೆ 100ರ ಮೇಲೆ. ಆ ಕೇಬಲ್ ಅಂಗಡಿಯಿಂದ ಸಿದ್ಧವಾಗಿ ತಂದದ್ದು. ಇಂಟರ್ನೆಟ್ ಬರುತ್ತದೆ, ಗೇಮ್ ನಡೆಯುತ್ತದೆ, ಹಾಗಾದರೆ ಕೇಬಲ್ ಸರಿಯಿದೆ ಎಂದು ಗೆಳೆಯರ ವಾದ. ಆದರೆ 100 ಎಂಬಿಪಿಎಸ್ ಎಂದರೆ 100 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 12.5 ಮೆಗಾಬೈಟ್. 11 ಎಂಬ ಅಂಕಿ ಅದಕ್ಕೆ ಬಹಳ ಹತ್ತಿರ. ಆ ವೇಗಕ್ಕೆ ಎರಡು ಜೊತೆ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಕಂದು ತಂತಿ ಪಿನ್‌ಗೆ ತಾಗಿಯೇ ಇರಲಿಲ್ಲ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆವು. ಗಂಟೆ ಹಿಡಿಯುತ್ತಿದ್ದ 40 ಜಿಬಿ ಏಳು ನಿಮಿಷಕ್ಕೆ ಬಂತು. ನಮ್ಮ ಪಠ್ಯದಲ್ಲಿ ಭೌತಿಕ ಪದರಕ್ಕೆ ಎರಡು ಪುಟ ಇತ್ತು, ಈ ಕಂದು ತಂತಿ ಇರಲಿಲ್ಲ.

ಕಳೆದ ತಿಂಗಳು ಸಿಸ್ಟಮ್ ಸಪೋರ್ಟ್ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದೆ. ‘ಇಂಟರ್ನೆಟ್ ಇದೆ, ಪಕ್ಕದ ಕಂಪ್ಯೂಟರ್ ಮಾತ್ರ ಕಾಣುತ್ತಿಲ್ಲ, ಏನು ಮಾಡುತ್ತೀರಿ?’ ಎಂದರು. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಪ್ರಶ್ನೆ! ಎರಡರ ಐಪಿ ವಿಳಾಸವೂ ಒಂದೇ ಗುಂಪಿನದೇ, ಒಂದು ಗೆಸ್ಟ್ ವೈಫೈಗೆ ಸೇರಿಕೊಂಡಿದೆಯೇ, ವಿಂಡೋಸ್ ಈ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದುಕೊಂಡಿದೆಯೇ ಎಂದು ನೋಡುತ್ತೇನೆ ಎಂದೆ. ಎರಡನೇ ಸುತ್ತಿಗೆ ಕರೆದಿದ್ದಾರೆ. ಕೆಲಸ ಇನ್ನೂ ಸಿಕ್ಕಿಲ್ಲ, ಸುಳ್ಳು ಯಾಕೆ ಹೇಳಲಿ.

ಗೇಮ್‌ಗಾಗಿ ಶುರು ಮಾಡಿದವರು ಅವಸರದಲ್ಲಿ ಇಡೀ ಡ್ರೈವ್ ಹಂಚಿ, ಎಲ್ಲರಿಗೂ ಅಳಿಸುವ ಅಧಿಕಾರ ಕೊಡುವುದುಂಟು. ಅದೇ ಡ್ರೈವ್‌ನಲ್ಲಿ ಅಂಕಪಟ್ಟಿ, ಆಧಾರ್ ಪ್ರತಿಯೂ ಇರುತ್ತದೆ. ಒಂದು ಫೋಲ್ಡರ್ ಮಾತ್ರ ಹಂಚಿ, ಓದುವ ಅನುಮತಿ ಮಾತ್ರ ಕೊಡಿ. ಹಳೆಯ ಕಂಪ್ಯೂಟರ್ ಇದ್ದರೆ ಎಸ್‌ಎಂಬಿ ಒಂದನೇ ಆವೃತ್ತಿಯನ್ನು ಮುಚ್ಚಿಡಿ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಜಗತ್ತಿನ ತುಂಬ ಹರಡಿದ್ದು ಅದರಲ್ಲಿದ್ದ ಬಿರುಕಿನಿಂದ. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಬಿಡುಗಡೆ ಮಾಡಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಹಣ ಕಟ್ಟಿ ಕಲಿಯುವ ಕೋರ್ಸ್ ಬೇಡ ಎನ್ನುತ್ತಿಲ್ಲ. ಸಾಲ ಮಾಡಿ ಸೇರುವ ಮೊದಲು ಈ ಕೆಲಸ ನಮಗೆ ಹಿಡಿಸುತ್ತದೆಯೇ ಎಂದು ಮನೆಯಲ್ಲೇ ತಿಳಿಯಬಹುದು. ಕಾಲೇಜುಗಳೂ ಅಷ್ಟೇ: ಮೂಲೆಗೆ ಬಿದ್ದ ಹಳೆಯ ಸ್ವಿಚ್ ಮತ್ತು ಒಂದು ಸುರುಳಿ ಕೇಬಲ್ ಸೆಮಿಸ್ಟರ್‌ಗೆ ಒಂದು ಮಧ್ಯಾಹ್ನ ನಮ್ಮ ಕೈಗೆ ಬಂದರೆ ಸಾಕು.

ನಾಲ್ಕು ಕಂಪ್ಯೂಟರ್ ಎಲ್ಲಿಂದ ತರಲಿ ಎನ್ನುವವರು ಕೇಬಲ್ ಪೋರ್ಟ್ ಇರುವ ಎರಡು ಹಳೆಯ ಲ್ಯಾಪ್‌ಟಾಪ್‌ಗಳಿಂದ ಶುರು ಮಾಡಿ. ನಡುವೆ ಒಂದೇ ಕೇಬಲ್. ಒಂದಕ್ಕೆ 192.168.10.1, ಇನ್ನೊಂದಕ್ಕೆ 192.168.10.2 ವಿಳಾಸ, ಸಬ್‌ನೆಟ್ ಮಾಸ್ಕ್ 255.255.255.0 ಕೊಟ್ಟು ಪಿಂಗ್ ಮಾಡಿ. ಮೊದಲ ಸಲ ಉತ್ತರ ಬಾರದಿದ್ದರೆ ಗಾಬರಿ ಬೇಡ, ಬಹುಶಃ ವಿಂಡೋಸ್ ಫೈರ್‌ವಾಲ್ ತಡೆದಿರುತ್ತದೆ.