ಕಳುಹಿಸಿದ ಪತ್ರ ತಲುಪಿತೇ?

ಜತ್ತ ತಾಲೂಕಿನ ಪೂರ್ವ ಭಾಗದ ಸಂಖ, ಉಮದಿಗಳಂಥ ಊರುಗಳಲ್ಲಿ ಕನ್ನಡ ಶಾಲೆ ಕಲಿತ ಮಕ್ಕಳ ಕಾಗದಪತ್ರಗಳು ಎರಡು ರಾಜ್ಯಗಳಲ್ಲಿ ಸಂಚರಿಸಬೇಕಾಗುತ್ತದೆ. ಶಾಲೆಯೂ ಅಂಕಪಟ್ಟಿಯೂ ಮಹಾರಾಷ್ಟ್ರದವು. ಮುಂದಿನ ಕಾಲೇಜು ಅನೇಕ ವೇಳೆ ವಿಜಯಪುರದಲ್ಲಿಯೋ ಬೆಳಗಾವಿಯಲ್ಲಿಯೋ ಇರುತ್ತದೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳು ಜತ್ತ, ಅಕ್ಕಲಕೋಟ ಮೊದಲಾದ ತಾಲೂಕುಗಳ ಗಡಿನಾಡ ಕನ್ನಡಿಗರಿಗೆ ಅವಕಾಶ ಕೊಟ್ಟಿವೆ. ಆದರೆ ಆ ಅವಕಾಶದ ಬಾಗಿಲು ತೆರೆಯುವುದು ಪ್ರಮಾಣಪತ್ರಗಳಿಂದ, ಅದೂ ನಿಗದಿತ ದಿನಾಂಕದೊಳಗೆ. ಶಾಲೆ, ಸಂಸ್ಥೆ, ಕಾಲೇಜುಗಳ ಪತ್ರವ್ಯವಹಾರವು ಈಗ ಬಹುಮಟ್ಟಿಗೆ ಇ-ಮೇಲಿಗೆ ಬಂದಿರುವುದರಿಂದ, ಹೊರಟ ಇ-ಮೇಲು ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದು ಪಾಲಕರೂ ತಿಳಿಯಬೇಕಾದ ಸಂಗತಿಯಾಗಿದೆ.

ಕೆಲವು ಶಿಕ್ಷಣ ಸಂಸ್ಥೆಗಳು ತಮ್ಮದೇ ಹೆಸರಿನ ಇ-ಮೇಲು ವಿಳಾಸಕ್ಕಾಗಿ ಲಿನಕ್ಸ್ ಗಣಕವೊಂದನ್ನು ಇಟ್ಟುಕೊಳ್ಳುತ್ತವೆ. ಅದರಲ್ಲಿ ಟಪಾಲು ಕಚೇರಿಯ ಕೆಲಸವನ್ನು ಮಾಡುವ ತಂತ್ರಾಂಶಗಳಲ್ಲಿ ಪೋಸ್ಟ್‌ಫಿಕ್ಸ್ ಪ್ರಸಿದ್ಧವಾದುದು. ವೀತ್ಸೆ ವೆನೆಮಾ ಎಂಬ ಡಚ್ ವಿಜ್ಞಾನಿ ಇದನ್ನು ರಚಿಸಿದರು. 1998ರಲ್ಲಿ ಅದು ಸಾರ್ವಜನಿಕರಿಗೆ ದೊರೆಯಿತು. ನಾವು ‘ಕಳುಹಿಸು’ ಗುಂಡಿಯನ್ನು ಒತ್ತಿದಾಗ ಪತ್ರವು ಮೊದಲು ಈ ಕಚೇರಿಯನ್ನು ಸೇರುತ್ತದೆ. ಅಲ್ಲಿಂದ ಮುಂದಿನ ಪ್ರಯಾಣ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಆದರೆ ಕಚೇರಿಯು ಪ್ರತಿಯೊಂದು ಪತ್ರದ ಗತಿಯನ್ನೂ ತನ್ನ ದಿನಚರಿಯಲ್ಲಿ, ಅಂದರೆ ಲಾಗ್ ಕಡತದಲ್ಲಿ, ಬರೆದಿಡುತ್ತದೆ. ಅಲ್ಲಿ ಮೂರು ಮಾತುಗಳು ಮುಖ್ಯ. ‘ಸೆಂಟ್’ ಎಂದಿದ್ದರೆ ಎದುರಿನ ಕಚೇರಿ ಪತ್ರವನ್ನು ಸ್ವೀಕರಿಸಿದೆ. ‘ಬೌನ್ಸ್ಡ್’ ಎಂದಿದ್ದರೆ ಪತ್ರ ತಿರಸ್ಕೃತವಾಗಿದೆ. ‘ಡಿಫರ್ಡ್’ ಎಂದಿದ್ದರೆ ಪತ್ರ ಸರತಿಯಲ್ಲಿ ಕಾಯುತ್ತಿದೆ. ಎದುರಿನ ಕಚೇರಿ ಕೊಡುವ ಮೂರಂಕಿಯ ಉತ್ತರವೂ ಪಕ್ಕದಲ್ಲಿರುತ್ತದೆ. 4ರಿಂದ ಆರಂಭವಾಗುವ ಅಂಕಿಗೆ ‘ಈಗ ಆಗದು, ಮತ್ತೆ ಬಾ’ ಎಂದರ್ಥ. 5ರಿಂದ ಆರಂಭವಾಗುವ ಅಂಕಿಗೆ ‘ಸ್ವೀಕರಿಸೆವು’ ಎಂದರ್ಥ.

ಮೂರರಲ್ಲಿ ಹೆಚ್ಚು ಅಪಾಯಕಾರಿಯಾದುದು ಮೂರನೆಯದೇ. ತಿರಸ್ಕೃತವಾದ ಪತ್ರದ ಸುದ್ದಿ ಸಾಮಾನ್ಯವಾಗಿ ಕಳುಹಿಸಿದವರಿಗೆ ಕೂಡಲೇ ಬರುತ್ತದೆ. ಕಾಯುವ ಪತ್ರವು ಮೌನವಾಗಿರುತ್ತದೆ. ಪೋಸ್ಟ್‌ಫಿಕ್ಸ್ ಮೂಲ ವ್ಯವಸ್ಥೆಯಲ್ಲಿ 5 ದಿನ ಪತ್ರವನ್ನು ಇಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುತ್ತದೆ. ಆ ಅವಧಿಯಲ್ಲಿ ಕಳುಹಿಸಿದವರಿಗೆ ಎಚ್ಚರಿಕೆಯ ಒಂದು ಮಾತೂ ಬರುವುದಿಲ್ಲ. ಸೋಮವಾರ ಹೊರಟ ಪ್ರಮಾಣಪತ್ರ ಹೋಗಲಿಲ್ಲವೆಂದು ಶನಿವಾರ ತಿಳಿದರೆ, ಶುಕ್ರವಾರವೇ ಕೊನೆಯ ದಿನವಾಗಿದ್ದ ವಿದ್ಯಾರ್ಥಿಯ ಗತಿಯೇನು? ‘ಡಿಲೇ ವಾರ್ನಿಂಗ್ ಟೈಮ್’ ಎಂಬ ನಿಯಮಕ್ಕೆ ನಾಲ್ಕು ಗಂಟೆ ಎಂದು ಬರೆದಿಟ್ಟರೆ, ಅಷ್ಟು ಹೊತ್ತು ನಿಂತ ಪತ್ರದ ಸುದ್ದಿ ಕಳುಹಿಸಿದವರಿಗೆ ಬರುತ್ತದೆ. ಒಂದೇ ಸಾಲಿನ ಈ ಕೆಲಸವನ್ನು ಸಂಸ್ಥೆಗಳು ಪ್ರವೇಶದ ದಿನಗಳಿಗೆ ಮುಂಚೆಯೇ ಮಾಡಿಸಿಕೊಳ್ಳುವುದು ಲೇಸು.

ಪತ್ರಗಳು ನಿಂತಾಗ ಗಣಕ ನೋಡಿಕೊಳ್ಳುವವರು ಏನು ಮಾಡಬೇಕು? ಮೊದಲು ಯಂತ್ರವನ್ನು ಮತ್ತೆ ಮತ್ತೆ ಆರಿಸಿ ಹಚ್ಚುವುದನ್ನು ಬಿಡಬೇಕು. ‘ಮೇಲ್‌ಕ್ಯೂ’ ಎಂಬ ಆಜ್ಞೆ ಕೊಟ್ಟರೆ ಕಾಯುತ್ತಿರುವ ಪತ್ರಗಳ ಪಟ್ಟಿ, ಪ್ರತಿಯೊಂದರ ಕಾರಣದೊಡನೆ ಬರುತ್ತದೆ. ಎಲ್ಲ ಊರುಗಳ ಪತ್ರಗಳೂ ‘ಕನೆಕ್ಷನ್ ಟೈಮ್ಡ್ ಔಟ್’ ಎಂದು ನಿಂತಿದ್ದರೆ ಹೊರಗಿನ ದಾರಿಯನ್ನೇ ಸಂಶಯಿಸಬೇಕು. ಕಚೇರಿಯಿಂದ ಕಚೇರಿಗೆ ಟಪಾಲು ಸಾಗುವುದು 25ನೆಯ ಪೋರ್ಟಿನಿಂದ. ಅನಪೇಕ್ಷಿತ ಪತ್ರಗಳನ್ನು ತಡೆಯಲೆಂದು ಅನೇಕ ಇಂಟರ್ನೆಟ್ ಕಂಪನಿಗಳು ಆ ದ್ವಾರವನ್ನು ಮುಚ್ಚಿರುತ್ತವೆ. ಆಗ 587ನೆಯ ಪೋರ್ಟಿನಿಂದ, ಗುರುತು ಹೇಳಿ ಗುಪ್ತಪದ ಕೊಟ್ಟು, ಬೇರೊಂದು ದೊಡ್ಡ ಟಪಾಲು ಕಚೇರಿಯ ಮೂಲಕ ಪತ್ರಗಳನ್ನು ಸಾಗಿಸಬೇಕಾಗುತ್ತದೆ.

ಜಿಮೇಲಿನ ವಿಳಾಸಗಳಿಗೆ ಮಾತ್ರ ಪತ್ರ ಹೋಗದಿದ್ದರೆ ಕಾರಣ ಬಹುಶಃ ಗುರುತಿನದು. ಲಕೋಟೆಯ ಮೇಲೆ ಕಳುಹಿಸುವವರ ಹೆಸರನ್ನು ಯಾರು ಬೇಕಾದರೂ ಬರೆಯಬಹುದಷ್ಟೆ! ಆದ್ದರಿಂದ ಸಂಸ್ಥೆಯು ‘ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸುವ ಅಧಿಕಾರ ಈ ಗಣಕಕ್ಕಿದೆ’ ಎಂದು ತನ್ನ ಡೊಮೇನಿನ ದಾಖಲೆಯಲ್ಲಿ ಸಾರಬೇಕು, ಇದು ಎಸ್‌ಪಿಎಫ್. ಪತ್ರಕ್ಕೆ ಯಂತ್ರದ ಮುದ್ರೆಯನ್ನೂ ಒತ್ತಬೇಕು, ಇದು ಡಿಕಿಮ್. 2024ರ ಫೆಬ್ರವರಿಯಿಂದ ಗೂಗಲ್ ಈ ನಿಯಮಗಳನ್ನು ಬಿಗಿಗೊಳಿಸಿದೆ. ಎರಡರಲ್ಲಿ ಒಂದಾದರೂ ಎಲ್ಲರಿಗೂ ಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಎರಡೂ ಬೇಕು. ಗಣಕದ ಐಪಿ ಸಂಖ್ಯೆಯಿಂದ ಅದರ ಹೆಸರು ತಿಳಿಯುವಂತೆಯೂ ದಾಖಲೆ ಇರಬೇಕು; ಇದನ್ನು ಐಪಿ ಸಂಖ್ಯೆ ಕೊಟ್ಟ ಕಂಪನಿಯಿಂದಲೇ ಮಾಡಿಸಬೇಕಾಗುತ್ತದೆ.

ಕಡತದ ಗಾತ್ರವನ್ನೂ ಮರೆಯಬಾರದು. ಪೋಸ್ಟ್‌ಫಿಕ್ಸ್ ಮೂಲತಃ ಸುಮಾರು 10 ಎಂಬಿಯವರೆಗಿನ ಪತ್ರವನ್ನು ಮಾತ್ರ ಒಪ್ಪುತ್ತದೆ. ಲಗತ್ತಿಸಿದ ಕಡತವು ಪ್ರಯಾಣದಲ್ಲಿ ತನ್ನ ಮೂರನೆಯ ಒಂದು ಭಾಗದಷ್ಟು ಹಿಗ್ಗುತ್ತದೆ. ಹೀಗಾಗಿ 8 ಎಂಬಿಯ ಸ್ಕ್ಯಾನ್ ಪ್ರತಿಯೂ ಬಾಗಿಲಲ್ಲೇ ನಿಲ್ಲಬಹುದು.

‘ಪತ್ರವನ್ನು ಕನ್ನಡದಲ್ಲಿ ಬರೆದುದರಿಂದ ಹೋಗಲಿಲ್ಲವೇನೋ’ ಎಂಬ ಸಂಶಯ ಗಡಿನಾಡಿನ ನಮ್ಮ ಜನರಲ್ಲಿ ಸಹಜವಾಗಿ ಮೂಡುತ್ತದೆ. ಅದಕ್ಕೆ ಆಧಾರವಿಲ್ಲ. ಇ-ಮೇಲಿನ ಮೂಲ ನಿಯಮಗಳು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲವಾಗಿದ್ದುದು ನಿಜ. ಆದರೆ 1992ರಲ್ಲಿ ಬಂದ ಮೈಮ್ ಎಂಬ ಪದ್ಧತಿ ಇತರ ಲಿಪಿಗಳಿಗೂ ದಾರಿ ಮಾಡಿತು. ಪತ್ರದ ವಿಷಯವನ್ನೂ ಒಕ್ಕಣೆಯನ್ನೂ ನಿಶ್ಚಿಂತೆಯಿಂದ ಕನ್ನಡದಲ್ಲಿ ಬರೆಯಬಹುದು. ಪತ್ರ ನಿಂತಿದ್ದರೆ ಕಾರಣವನ್ನು ಭಾಷೆಯಲ್ಲಿ ಹುಡುಕದೆ ದಿನಚರಿಯಲ್ಲಿ ಹುಡುಕಬೇಕು.

ಇನ್ನು ಪಾಲಕರ ಪಾಲಿನ ಕೆಲಸ. ಶಾಲೆಯವರು ‘ಕಳುಹಿಸಿದ್ದೇವೆ’ ಎಂದಾಗ ಅವರ ಮಾತಿನಲ್ಲಿ ಸುಳ್ಳಿರುವುದಿಲ್ಲ. ಕಾಲೇಜಿನವರು ‘ಬಂದಿಲ್ಲ’ ಎಂದಾಗಲೂ ಇರುವುದಿಲ್ಲ. ಇಬ್ಬರ ನಡುವೆ ನಿಂತ ಪತ್ರಕ್ಕಾಗಿ ಯಾರನ್ನೂ ದೂಷಿಸಿ ಫಲವಿಲ್ಲ. ಪತ್ರ ಹೊರಟ ದಿನವೇ ಕಾಲೇಜಿಗೆ ದೂರವಾಣಿ ಮಾಡಿ, ಸ್ಪ್ಯಾಮ್ ಕೋಶದಲ್ಲಿಯೂ ನೋಡುವಂತೆ ವಿನಂತಿಸಿರಿ. ‘ಸೆಂಟ್’ ಆದ ಪತ್ರವೂ ಅಲ್ಲಿ ಅಡಗಿರಬಹುದು. ಅಲ್ಲಿಯೂ ಇಲ್ಲದಿದ್ದರೆ, ದಿನಚರಿಯಲ್ಲಿ ಆ ಪತ್ರದ ಮುಂದೆ ಏನು ಬರೆದಿದೆ ಎಂದು ಶಾಲೆಯವರನ್ನು ವಿನಯದಿಂದ ಕೇಳಿರಿ. ಕೊನೆಯ ದಿನಕ್ಕೆ ಒಂದು ವಾರವಾದರೂ ಮುಂಚೆ ಈ ಪ್ರಶ್ನೆ ಕೇಳಿದರೆ ಸರತಿಯ ಐದು ದಿನಗಳು ಕಳೆದರೂ ಮತ್ತೆ ಕಳುಹಿಸಲು ಅವಕಾಶ ಉಳಿದಿರುತ್ತದೆ.