ಎತ್ತರ ನೋಡಿ ಆರಿಸಿದರೆ ಸಾಕೇ?



ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಕಬಡ್ಡಿ ತಂಡ ಆರಿಸಿದ ದಿನ ನಿಮಗೆಲ್ಲಾ ನೆನಪಿರಬಹುದು. ಸಾಲಾಗಿ ನಿಲ್ಲಿಸಿ, ಎತ್ತರ ಇದ್ದವರನ್ನು, ಮೈಕಟ್ಟು ಇದ್ದವರನ್ನು ಈ ಕಡೆ ಬಾ ಅಂತ ಕರೆದರು. ನಾನು ಹೋದೆ. ನನ್ನ ಪಕ್ಕ ಕೂರುವ ಗೆಳೆಯ ಅಲ್ಲೇ ನಿಂತ. ಅವನು ದಿನಾ ಸಂಜೆ ಗುಡಿ ಮುಂದಿನ ಬಯಲಲ್ಲಿ ನನ್ನನ್ನು ಮುಟ್ಟಿ ತಪ್ಪಿಸಿಕೊಂಡು ಹೋಗುತ್ತಾನೆ, ಒಂದು ದಿನವೂ ನಾನು ಹಿಡಿದಿಲ್ಲ. ಆದರೆ ಅವತ್ತು ಯಾರೂ ಆಡಿಸಿ ನೋಡಲಿಲ್ಲ.

ದೀಪಾವಳಿಗೆ ಬಂದ ನಮ್ಮ ಸೋದರಮಾವನಿಗೆ ಇದನ್ನು ಹೇಳಿದೆ. ಅವರು ಕೆನಡಾದಲ್ಲಿ ಕೆಲಸಕ್ಕಿದ್ದಾರೆ. "ಅಲ್ಲೂ ಇದೇ ಕಥೆ ಕಣೋ" ಅಂತ ನಕ್ಕು ಅಲ್ಲಿನ ಹಾಕಿ ವಿಷಯ ಹೇಳಿದರು. ಇದು ನಮ್ಮ ಕೊಡಗಿನವರು ಆಡುವ ಹಾಕಿ ಅಲ್ಲ. ಮಂಜುಗಡ್ಡೆ ಮೇಲೆ ಜಾರುತ್ತಾ ಆಡುವುದು. ಚೆಂಡೂ ಇಲ್ಲ, ರಬ್ಬರಿನ ಬಿಲ್ಲೆ. (ನಾನು ಕಂಡಿರುವ ಐಸು ಸೈಕಲ್ಲಿನವನ ಐಸ್‌ಕ್ಯಾಂಡಿ ಮಾತ್ರ.)

ಅಲ್ಲಿ ಎನ್.ಎಚ್.ಎಲ್. ಅಂತ ದೊಡ್ಡ ಲೀಗ್ ಇದೆ. ಅಮೆರಿಕ, ಕೆನಡಾ ಸೇರಿ 32 ತಂಡ. ಪ್ರತಿ ವರ್ಷ 18 ವರ್ಷದ ಆಸುಪಾಸಿನ ಹುಡುಗರನ್ನು ಈ ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಅಂತಾರೆ. 1963ರಲ್ಲಿ ಶುರುವಾಗಿದ್ದು, ಈಗ ಏಳು ಸುತ್ತು ನಡೆಯುತ್ತೆ. ಗೆದ್ದವರೇ ಗೆಲ್ಲುತ್ತಾ ಹೋಗಬಾರದು ಅಂತ ಸೋತ ತಂಡಗಳಿಗೆ ಮೊದಲ ಸರದಿ. ಹಾಗಾದರೆ ಬೇಕಂತಲೇ ಸೋತರೆ? ಅದಕ್ಕೇ 1995ರಿಂದ ಕೆಳಗಿನ ತಂಡಗಳ ನಡುವೆ ಚೀಟಿ ಎತ್ತುವಂಥ ಪದ್ಧತಿ ತಂದಿದ್ದಾರೆ. ಈ ಉಪಾಯ ನನಗೆ ಬಹಳ ಹಿಡಿಸಿತು.

ಸ್ಕೌಟ್ ಎಂಬುವರು ಊರೂರು ತಿರುಗಿ ಹುಡುಗರ ಆಟ ನೋಡಿ ಬರೆದುಕೊಳ್ಳುತ್ತಾರೆ. ಎತ್ತರ, ತೂಕ ಅಳೆಯುವುದು, ಸೈಕಲ್ ತುಳಿಸಿ ದಮ್ಮು ನೋಡುವುದೂ ಉಂಟು. ಇಷ್ಟೆಲ್ಲಾ ಮಾಡಿಯೂ ತಪ್ಪುತ್ತಾರೆ! 2000ನೇ ಇಸವಿಯಲ್ಲಿ ಸ್ವೀಡನ್ನಿನ ಅವಳಿ ಅಣ್ಣತಮ್ಮಂದಿರು ಆಯ್ಕೆಯಾದರು. ಜೋಯೆಲ್ ಲುಂಡ್‌ಕ್ವಿಸ್ಟ್ 68ನೆಯವರು, ಹೆನ್ರಿಕ್ 205ನೆಯವರು. ಹಿಂದೆ ಬಿದ್ದ ಹೆನ್ರಿಕ್ ನ್ಯೂಯಾರ್ಕ್ ರೇಂಜರ್ಸ್ ತಂಡದಲ್ಲಿ 15 ಸೀಸನ್ ಗೋಲು ಕಾಯ್ದು, 2012ರಲ್ಲಿ ಲೀಗಿನ ಅತ್ಯುತ್ತಮ ಗೋಲ್‌ಕೀಪರ್ ಪ್ರಶಸ್ತಿ ಪಡೆದರು. ಆ ವರ್ಷ ಎಲ್ಲರಿಗಿಂತ ಮೊದಲು ಆಯ್ಕೆಯಾದ ರಿಕ್ ಡಿಪಿಯೆಟ್ರೊ ಕೂಡ ಗೋಲ್‌ಕೀಪರೇ. ಪಾಪ, ಗಾಯದ ಮೇಲೆ ಗಾಯವಾಯಿತು. ಅದನ್ನು ಯಾವ ಸ್ಕೌಟೂ ಮೊದಲೇ ಕಾಣಲಾರ. ಮಾರ್ಟಿನ್ ಸೇಂಟ್ ಲೂಯಿ ಎಂಬ 5 ಅಡಿ 8 ಅಂಗುಲದವರನ್ನಂತೂ ಯಾವ ತಂಡವೂ ಡ್ರಾಫ್ಟಿನಲ್ಲಿ ಆರಿಸಲೇ ಇಲ್ಲ. 2003-04ರಲ್ಲಿ ಇಡೀ ಲೀಗಿಗೆ ಹೆಚ್ಚು ಅಂಕ ಅವರದೇ, ಕಪ್ಪೂ ಅವರ ಟ್ಯಾಂಪಾ ಬೇ ತಂಡಕ್ಕೇ ಬಂತು.

ಮಾವ ಹೇಳಿದ ಇನ್ನೊಂದು ಮಾತು ನನಗೆ ಚುಚ್ಚಿತು. ಕೆನಡಾದಲ್ಲಿ ಮಕ್ಕಳ ತಂಡಗಳಿಗೆ ವಯಸ್ಸನ್ನು ಜನವರಿ 1ರಿಂದ ಲೆಕ್ಕ ಹಾಕುತ್ತಾರೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಮೊದಲಿನವನು ಹೆಚ್ಚುಕಮ್ಮಿ ಒಂದು ವರ್ಷ ದೊಡ್ಡವನು, ಆದ್ದರಿಂದ ಗಟ್ಟಿ. ಒಳ್ಳೆ ತಂಡಕ್ಕೆ ಅವನನ್ನೇ ತೆಗೆದುಕೊಳ್ಳುತ್ತಾರೆ, ಅವನಿಗೇ ಹೆಚ್ಚು ತರಬೇತಿ. ದೊಡ್ಡ ಆಟಗಾರರಲ್ಲೂ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಎಂದು 1980ರ ದಶಕದಲ್ಲೇ ಲೆಕ್ಕ ಮಾಡಿ ತೋರಿಸಿದ್ದಾರೆ.

ನಾನು ಹುಟ್ಟಿದ್ದು ಜೂನ್ ತಿಂಗಳಲ್ಲಿ, ಗೆಳೆಯ ಅದರ ಮುಂದಿನ ಏಪ್ರಿಲ್‌ನಲ್ಲಿ. ಹತ್ತು ತಿಂಗಳ ಅನ್ನ ನಾನು ಹೆಚ್ಚು ಉಂಡಿದ್ದೇನೆ, ಅಷ್ಟೇ. ಹೋಬಳಿಯಲ್ಲಿ ನಾವು ಮೊದಲ ಪಂದ್ಯದಲ್ಲೇ ಸೋತೆವು. ನಾನು ಎರಡು ಸಲ ರೈಡಿಗೆ ಹೋಗಿ ಎರಡು ಸಲವೂ ಸಿಕ್ಕಿಬಿದ್ದೆ. ಗೆಳೆಯ ಏನೂ ಅನ್ನಲಿಲ್ಲ, ನನ್ನ ಮಂಡಿಗೆ ಅರಿಶಿನ ಹಚ್ಚಿದ.

ಪಂದ್ಯ ಮುಂದಿನ ವಾರ ಇರುವಾಗ ಯಾರು ಮುಂದೆ ಬೆಳೀತಾರೆ ಅಂತ ಕಾಯೋಕಾಗುತ್ತಾ, ಕಬಡ್ಡಿಗೆ ತೂಕ ಬೇಡವಾ ಅಂತ ಕೆಲವರು ಕೇಳಬಹುದು. ಬೇಕು, ಒಪ್ಪಿದೆ. ಹಿಡಿಯೋಕೆ ದೊಡ್ಡವರೇ ಬೇಕು. ಎನ್.ಎಚ್.ಎಲ್. ತಂಡಗಳು ಆರಿಸಿದ ಹುಡುಗರಲ್ಲಿ ಹೆಚ್ಚಿನವರನ್ನು ಕೆಲವು ವರ್ಷ ಕೆಳಗಿನ ತಂಡಗಳಲ್ಲೇ ಬೆಳೆಯಲು ಬಿಡುತ್ತವೆ. ನಮಗೆ ಅಷ್ಟು ಸಮಯ ಇಲ್ಲ ನಿಜ. ಆದರೆ ತಂಡದಲ್ಲಿ 12 ಜನ, ಅಂಕಣದಲ್ಲಿ ಆಡುವವರು 7 ಜನ. ಉಳಿದ 5 ಜಾಗದಲ್ಲಿ ಎರಡನ್ನಾದರೂ ಚಿಕ್ಕವರಿಗೆ ಕೊಡಬಹುದಲ್ಲವೇ? ಒಂದು ದಿನ ಸಾಲು ನಿಲ್ಲಿಸುವ ಬದಲು ಜೂನ್‌ನಿಂದಲೇ ಶನಿವಾರ ಶನಿವಾರ ಆಡಿಸಿ, ಯಾರು ಎಷ್ಟು ಅಂಕ ತಂದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕೆಂದು ಗುರುಗಳಲ್ಲಿ ನನ್ನ ವಿನಂತಿ.

ನಾನೂ ಗೆಳೆಯನೂ ಬರುವ ಜೂನ್‌ಗೆ ಹೈಸ್ಕೂಲಿಗೆ ಹೋಗಿಬಿಡುತ್ತೇವೆ, ನಮಗೆ ಇದರಿಂದ ಏನೂ ಸಿಗಲ್ಲ. ಆದರೆ ಆರನೇ ತರಗತಿಯಲ್ಲಿ ಅವನಿಗಿಂತಲೂ ಗಿಡ್ಡ ಹುಡುಗ ಒಬ್ಬನಿದ್ದಾನೆ. ನಿನ್ನೆ ಸಂಜೆ ಅವನು ನನ್ನ ಗೆಳೆಯನನ್ನೇ ಮುಟ್ಟಿ ಓಡಿಹೋದ.

– ಏಳನೇ ತರಗತಿ ವಿದ್ಯಾರ್ಥಿ