ಹಿತ್ತಿಲ ಬೇಲಿಯೂ ಜೇನುನೊಣವೂ

ತಳಿಯ ಕಡೆಯ ರೈತ ಬಾಂಧವರಿಂದ ಎರಡು ದೂರುಗಳು ಮೇಲಿಂದ ಮೇಲೆ ನಮ್ಮ ಕಿವಿಗೆ ಬೀಳುತ್ತಿವೆ. ಸಿಹಿಗುಂಬಳದ ಬಳ್ಳಿಯು ಹಿತ್ತಿಲ ತುಂಬ ಹಬ್ಬಿ ಹೂ ಬಿಟ್ಟರೂ ಹೀಚುಗಳು ಹಳದಿಗೆ ತಿರುಗಿ ಉದುರಿಹೋಗುತ್ತವೆ ಎಂಬುದು ಮೊದಲನೆಯದು. ಅವರೆ, ಅಲಸಂದೆ, ಕೋಸಿನ ಎಳೆಯ ಸಸಿಗಳನ್ನು ರಾತ್ರಿಯಲ್ಲಿ ಮೊಲವು ಬಂದು ಕತ್ತರಿಸಿ ಹೋಗುತ್ತದೆ ಎಂಬುದು ಎರಡನೆಯದು. ದೂರು ಎರಡಾದರೂ ಅನೇಕರು ಮಾಡುವ ಮದ್ದು ಒಂದೇ. ಅಂಗಡಿಗೆ ಹೋಗಿ ವಿಷ ತರುತ್ತಾರೆ. ಸಸಿಯ ಬುಡಕ್ಕೆ ಹರಳು ಹಾಕುತ್ತಾರೆ, ಎಲೆಯ ಮೇಲೆ ನಾತದ ಕೀಟನಾಶಕ ಹೊಡೆಯುತ್ತಾರೆ. ಮೊಲಕ್ಕೆಂದು ಹಾಕಿದ ಈ ವಿಷವು ಕುಂಬಳದ ದೂರನ್ನು ಇನ್ನಷ್ಟು ಹೆಚ್ಚಿಸುತ್ತದೆ ಎಂಬುದೇ ನಮ್ಮ ಅಭಿಪ್ರಾಯ.

ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವು ನಸುಕಿನಲ್ಲಿ ಅರಳಿ ಬಿಸಿಲೇರುವ ಹೊತ್ತಿಗೆ ಮುದುಡಿತೆಂದರೆ ಮತ್ತೆ ಅರಳುವುದಿಲ್ಲ. ಅಷ್ಟರೊಳಗೆ ನೊಣವು ಗಂಡು ಹೂವಿನ ಪರಾಗವನ್ನು ತಂದು ಮುಟ್ಟಿಸಬೇಕು. ಇಲ್ಲವಾದರೆ ಹೀಚು ಕೊಳೆಯುತ್ತದೆ. ಸಂದೇಹವಿದ್ದವರು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ ನೋಡಬಹುದು. ಬೆಳಗಿನ 6 ಗಂಟೆಗೆ ಒಂದು ಗಂಡು ಹೂ ಕಿತ್ತು, ಎಸಳು ತೆಗೆದು, ಒಳಗಿನ ಪುಡಿಯನ್ನು ನಾಲ್ಕಾರು ಹೆಣ್ಣು ಹೂಗಳಿಗೆ ಸವರಿ, ಗುರುತಿಗೆ ದಾರ ಕಟ್ಟಿರಿ. ದಾರ ಕಟ್ಟಿದ ಹೀಚು ನಿಂತು ಮಿಕ್ಕವು ಉದುರಿದರೆ ಬಳ್ಳಿಗೆ ರೋಗವಿಲ್ಲ, ಹಿತ್ತಿಲಿಗೆ ನೊಣ ಬರುತ್ತಿಲ್ಲವೆಂದು ತಿಳಿಯಬೇಕು. ಅಂತಹ ಬಳ್ಳಿಗೆ ಔಷಧ ಹೊಡೆಯುವುದು ಹಸಿದವನಿಗೆ ಜ್ವರದ ಕಷಾಯ ಕುಡಿಸಿದಂತೆ.

ನಮ್ಮ ಸೀಮೆಯಲ್ಲಿ ನೊಣ ಕಡಿಮೆಯಾದುದಕ್ಕೆ ಕಾರಣ ಹಲವಿವೆ. 1991-92ರಲ್ಲಿ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿರೋಗವು ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲನ್ನು ಅಳಿಸಿಹಾಕಿತು. ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಹೊಲದ ರೂಪವೇ ಬದಲಾಗುತ್ತ ಬಂತು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆಯನ್ನೂ ಹುಚ್ಚೆಳ್ಳನ್ನೂ ಹಾಕುತ್ತಿದ್ದ ಕಾಲದಲ್ಲಿ ಮಳೆಗಾಲದ ಕೊನೆಗೆ ಹೊಲವೆಲ್ಲ ಹಳದಿಯಾಗಿರುತ್ತಿತ್ತು. ರಾಗಿಗೆ ನೊಣದ ಹಂಗಿಲ್ಲ, ಆದರೆ ಹುಚ್ಚೆಳ್ಳು ನೊಣವಿಲ್ಲದೆ ಸರಿಯಾಗಿ ಕಾಳು ಕಟ್ಟದು. ಈಗ ಆ ಸಾಲುಗಳು ಅಪರೂಪವಾಗಿವೆ. ಹೊಸೂರು, ತಳಿಯ ಸುತ್ತ ಗುಲಾಬಿಯ ಬಲೆಮನೆಗಳು ಎದ್ದಿವೆ. ಕೊಯ್ಹೂಗಳಿಗಾಗಿ ಭಾರತ-ಇಸ್ರೇಲ್ ಸಹಯೋಗದ ಕೇಂದ್ರವೊಂದು ತಳಿಯಲ್ಲಿಯೇ ಇದೆ. ಹೂವಿನ ಬೆಳೆಯಿಂದ ನಾಲ್ಕು ಕಾಸು ಬಂದುದನ್ನು ನಾವು ಬೇಡವೆನ್ನುವವರಲ್ಲ. ಆದರೆ ಮುಚ್ಚಿದ ಮನೆಯಲ್ಲಿ ಮೊಗ್ಗಾಗಿ ಕೊಯ್ದು ಪೆಟ್ಟಿಗೆಗೆ ಹೋಗುವ ಹೂವಿನಿಂದ ನೊಣದ ಹೊಟ್ಟೆ ತುಂಬದು. ಹೂವಿನ ಊರಿನಲ್ಲಿಯೇ ನೊಣಕ್ಕೆ ಹೂವಿಲ್ಲವೆಂಬ ವಿಚಿತ್ರ ಸ್ಥಿತಿ ಇದು.

ಜೇನಿನ ಮಾತೆತ್ತಿದೊಡನೆ ಪೆಟ್ಟಿಗೆ ಎಲ್ಲಿ ಸಿಗುತ್ತದೆ ಎಂದು ಕೇಳುವವರೇ ಹೆಚ್ಚು. ಪೆಟ್ಟಿಗೆಯು ಆಮೇಲಿನ ಮಾತು. ಮೇವಿಲ್ಲದ ಕಡೆ ಇಟ್ಟ ಪೆಟ್ಟಿಗೆಯಿಂದ ಕುಟುಂಬವು ಹಾರಿಹೋಗುತ್ತದೆ. ಅಲ್ಲದೆ ನಮಗೆ ನೆರವಾಗುವವು ಪೆಟ್ಟಿಗೆಯ ನೊಣ ಮಾತ್ರವಲ್ಲ. ಟೊಮೇಟೊ, ಬದನೆಯ ಹೂವನ್ನು ಗುಂಯ್‌ಗುಟ್ಟಿ ಅಲುಗಾಡಿಸಿ ಪರಾಗ ಉದುರಿಸುವ ಕೆಲಸ ತುಡುವೆಗೆ ಬಾರದು. ಅದನ್ನು ಮಾಡುವವು ಮರ ಕೊರೆಯುವ ಕಪ್ಪು ದುಂಬಿ ಮತ್ತು ಹೊಟ್ಟೆಯ ಮೇಲೆ ನೀಲಿ ಪಟ್ಟೆಯುಳ್ಳ ಒಂಟಿ ಜೇನು. ದುಂಬಿಗೆ ಒಣ ಬಿದಿರು, ಹಳೆಯ ತೊಲೆ ಬೇಕು. ನೀಲಿ ಪಟ್ಟೆಯ ಜೇನಿಗೆ ಬರಿ ಮಣ್ಣು ಬೇಕು. ಅಂಗಳ, ಹಿತ್ತಿಲು ಎರಡಕ್ಕೂ ಸಿಮೆಂಟು ಬಳಿದ ಮನೆಯಲ್ಲಿ ಅದು ಎಲ್ಲಿ ಮೊಟ್ಟೆಯಿಟ್ಟೀತು? ಒಂದು ಮೂಲೆಯಲ್ಲಿ ಹಾಸಿಗೆಯಗಲ ನೆಲವನ್ನು ಅಗೆಯದೆ ಬಿಡಿರಿ. ಬೇಸಗೆಯಲ್ಲಿ ಅಗಲ ಬಾಯಿನ ಮಣ್ಣಿನ ತಟ್ಟೆಗೆ ಹೆಂಚಿನ ಚೂರು ಹಾಕಿ ನೀರು ಇಡಿರಿ. ಬರಿ ನೀರಿಟ್ಟರೆ ನೊಣವು ಮುಳುಗಿ ಸಾಯುತ್ತದೆ. ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿಯ ನಾಲ್ಕು ಗಿಡಗಳನ್ನು ಕೀಳದೆ ಹೂವಿಗೆ ಬಿಟ್ಟರೆ ನೊಣಕ್ಕೂ ಆಯಿತು, ಬಿತ್ತನೆಗೂ ಆಯಿತು.

ಇನ್ನು ಮೊಲದ ವಿಚಾರ. ಮೊದಲು ಕಳ್ಳನ ಗುರುತು ಹಿಡಿಯಬೇಕು. ಚಾಕುವಿನಿಂದ ಓರೆಯಾಗಿ ಕೊಯ್ದಂತೆ ಕುಡಿ ಕತ್ತರಿಸಿದ್ದು, ಹತ್ತಿರದಲ್ಲಿ ಒಣಗಿದ ದುಂಡು ಹಿಕ್ಕೆ ಇದ್ದರೆ ಅದು ಮೊಲವೇ. ಅಂಚು ಹರಿದು ಚಿಂದಿಯಾಗಿದ್ದರೆ ಮೊಲವನ್ನು ಬೈಯಬೇಡಿ. ನಮ್ಮ ಕಾಡುಮೊಲವು ಸೀಮೆಮೊಲದಂತೆ ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ಹಗಲೆಲ್ಲ ಮಲಗಿ ಕತ್ತಲಾದ ಮೇಲೆ ಹೊರಡುತ್ತದೆ. ಆದಕಾರಣ ಎರಡೂವರೆ ಅಡಿ ಎತ್ತರದ ಕೋಳಿಗೂಡಿನ ಜಾಲರಿ ಸಾಕು. ಕೆಳಗಿನ ಅರ್ಧ ಅಡಿಯನ್ನು ಹೊರಕ್ಕೆ ಬಗ್ಗಿಸಿ ಕಲ್ಲು ಹೇರಿದರೆ ನುಸುಳಲಾರದು. ಅಷ್ಟು ದುಡ್ಡಿಲ್ಲದವರು ಸಸಿಯ ಮೇಲೆ ಮಂಕರಿ ಕವುಚಿ ಮೂರು ನಾಲ್ಕು ವಾರ ಕಾಯ್ದರೆ ಕಾಂಡ ಬಲಿಯುತ್ತದೆ, ಆ ಮೇಲೆ ಕಾಟ ಕಡಿಮೆ. ಕ್ಷೌರದಂಗಡಿಯ ಕೂದಲು, ಮೆಣಸಿನಕಾಯಿ ಬೆಳ್ಳುಳ್ಳಿಯ ನೀರು ಇವುಗಳ ಮಹಿಮೆಯನ್ನು ಕೆಲವರು ಕೊಂಡಾಡುತ್ತಾರೆ. ಒಂದು ಮಳೆ ಬಂದರೆ ಮಹಿಮೆ ಮುಗಿಯಿತು. ಈರುಳ್ಳಿ, ಮೆಣಸಿನಕಾಯಿಗಳನ್ನು ಹೊರಗಿನ ಪಾತಿಯಲ್ಲಿ ಹಾಕಿ, ಅವರೆ, ಕೋಸನ್ನು ಮನೆಯ ಹತ್ತಿರಕ್ಕೆ ತರುವುದು ಅದಕ್ಕಿಂತ ಮೇಲು. ಮನೆಯಲ್ಲಿ ಒಂದು ನಾಯಿಯಿದ್ದರಂತೂ ಅರ್ಧ ಕೆಲಸವಾದಂತೆ.

ಉರುಲು ಹಾಕುವವರಿಗೂ ಕರೆಂಟಿನ ತಂತಿ ಎಳೆಯುವವರಿಗೂ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಉರುಲು, ಬೋನು, ವಿಷ ಮೂರೂ ಬೇಟೆಯೇ. ಹೊಸೂರು ಸೀಮೆಯ ಕಾಡಿನ ಒಂದು ಭಾಗವು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವಾದ ಮೇಲೆ ಅರಣ್ಯದವರ ಕಣ್ಣೂ ಹೆಚ್ಚಾಗಿದೆ. ಒಂದು ಮೊಲದ ಸಾರಿಗಾಗಿ ಕೋರ್ಟಿಗೆ ಅಲೆಯುವುದು ಯಾವ ಲೆಕ್ಕಕ್ಕೂ ಲಾಭವಲ್ಲ. ತಂತಿಯಂತೂ ಕತ್ತಲಲ್ಲಿ ನೀರು ಕಟ್ಟಲು ಹೋದ ಮನೆಯ ಮಗನನ್ನೇ ತೆಗೆದುಕೊಂಡೀತು. ಕಾರ್ಬೊಫ್ಯೂರಾನ್ ಹರಳನ್ನು ತಿಂದ ಕೋಳಿ, ನಾಯಿ ಬದುಕುವುದು ಕಷ್ಟ. ಬೇರಿನ ಮೂಲಕ ಏರಿದ ವಿಷವು ಗಿಡದ ಮೈಯೆಲ್ಲ ಹರಡುತ್ತದೆ. ಇಮಿಡಾಕ್ಲೋಪ್ರಿಡ್‌ನಂತಹವು ಮಕರಂದಕ್ಕೂ ಪರಾಗಕ್ಕೂ ಇಳಿಯುತ್ತವೆ ಎಂಬ ಕಾರಣದಿಂದಲೇ ಯೂರೋಪಿನ ಒಕ್ಕೂಟವು 2018ರಲ್ಲಿ ಅದನ್ನು ಬಯಲಿನ ಬೆಳೆಗೆ ನಿಷೇಧಿಸಿತು.

ಹಾಗಾದರೆ ಏನು ಮಾಡಬೇಕು ಎಂದರೆ ನಾವು ಹಸಿರು ಬೇಲಿಯನ್ನು ಸೂಚಿಸುತ್ತೇವೆ. ಲಕ್ಕಿ ಮತ್ತು ಆಡುಸೋಗೆ ಎರಡಕ್ಕೂ ಆಡು ಬಾಯಿ ಹಾಕುವುದಿಲ್ಲ, ಎರಡರ ಹೂವಿಗೂ ನೊಣ ಮುತ್ತುತ್ತದೆ. ಗಿಡಕ್ಕಾಗಿ ಸರಕಾರಿ ಸಸ್ಯಕ್ಷೇತ್ರಕ್ಕೆ ಹೋದವರು ತಮಿಳಿನಲ್ಲಿ ನೊಚ್ಚಿ, ಆಡಾತೊಡೈ ಎಂದು ಕೇಳಬೇಕು, ಲಕ್ಕಿ ಎಂದರೆ ತಿಳಿಯದೆ ಬರಿಗೈಯಲ್ಲಿ ಕಳಿಸಿಯಾರು. ನಿಜ ಹೇಳಬೇಕೆಂದರೆ ಅಷ್ಟು ದೂರ ಹೋಗುವುದೇ ಬೇಡ. ಹಳ್ಳದ ದಂಡೆಯಲ್ಲಿ ಲಕ್ಕಿ ಬೇಕಾದಷ್ಟಿದೆ, ಎರಡೂ ಕಡ್ಡಿಯಿಂದಲೇ ಚಿಗುರುತ್ತವೆ. ಮುಂಗಾರಿನ ಹದ ಮಳೆಗೆ ಗೇಣಿಗೊಂದರಂತೆ ಎರಡು ಸಾಲು ನೆಟ್ಟು, ಮೊಣಕಾಲೆತ್ತರಕ್ಕೆ ಬಂದಾಗ ತಲೆ ಕತ್ತರಿಸಬೇಕು. ಹಾಗೆ ಮಾಡದಿದ್ದರೆ ಮೇಲೆ ಬೆಳೆದು ಬುಡ ಬೋಳಾಗುತ್ತದೆ, ಮೊಲಕ್ಕೆ ಬೇಕಾದುದು ಆ ಬುಡದ ಸಂದಿಯೇ. ಬೇಲಿ ದಟ್ಟವಾಗಲು ಎರಡು ಮೂರು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಬುಡಕ್ಕೆ ಜಾಲಿ ಮುಳ್ಳು ಒತ್ತಿಡತಕ್ಕದ್ದು. ಮೂಲೆಗಳಿಗೆ ಒಂದು ಹೊಂಗೆ, ಒಂದು ನುಗ್ಗೆ ಇರಲಿ.

ಇಷ್ಟಾದರೂ ಔಷಧ ಹೊಡೆಯಲೇಬೇಕಾದ ದಿನ ಬರಬಹುದು. ನೊಣವು ಗೂಡು ಸೇರಿದ ಮೇಲೆ, ಸಂಜೆಗೆ ಹೊಡೆಯಿರಿ. ಹೀರೆ, ಸೋರೆಗಳು ಅರಳುವುದೇ ಸಂಜೆಗಾದುದರಿಂದ ಆ ಬಳ್ಳಿಗಳನ್ನು ಬಿಟ್ಟು ಹೊಡೆಯಬೇಕು. ನೊಣವು ನಿಮ್ಮ ಬೇಲಿಯ ಆಚೆಗೂ ಮೇಯಲು ಹೋಗುವುದರಿಂದ ಪಕ್ಕದ ಹೊಲದವರಿಗೂ ಈ ಮಾತನ್ನು ತಿಳಿಸಿರಿ. ಅವರು ಬೆಳಗಿನ 8 ಗಂಟೆಗೆ ಟೊಮೇಟೊಗೆ ಹೊಡೆಯುತ್ತಿದ್ದರೆ ನಿಮ್ಮ ಕುಂಬಳದ ಹೀಚು ಉದುರುವುದು ನಿಲ್ಲದು.